ಮಾಗಿಯ ಚಳಿಯಿಂದ ಕುಂಡದ ಮೆಣಸಿನ ಗಿಡ ಉಳಿಸಿಕೊಳ್ಳುವುದು ಹೇಗೆ?

ಹೊಸೂರು: ಸಂಕ್ರಾಂತಿಯ ಆಸುಪಾಸಿನ ಒಂದು ಬೆಳಿಗ್ಗೆ. ಹಿಂದಿನ ದಿನ ಸಂಜೆಯವರೆಗೆ ಹಸಿರಾಗಿ ನಿಂತಿದ್ದ ತಾರಸಿಯ ಮೆಣಸಿನ ಗಿಡ, ಬೆಳಗಾಗುವಷ್ಟರಲ್ಲಿ ಬಿಸಿನೀರು ಹೊಯ್ದ ಸೊಪ್ಪಿನಂತೆ ಜೋತು ಬಿದ್ದಿರುತ್ತದೆ. ರೋಗ ಬಂತೆ, ಹುಳ ಬಿತ್ತೆ, ಯಾರಾದರೂ ಕಣ್ಣು ಹಾಕಿದರೆ ಎಂದು ಮನೆಯವರು ತಲೆ ಕೆಡಿಸಿಕೊಳ್ಳುತ್ತಾರೆ. ಕೆಲವರು ಔಷಧದ ಅಂಗಡಿಗೂ ಹೋಗಿ ಬರುತ್ತಾರೆ. ಆದರೆ ಬಹಳ ಸಲ ಕಾರಣ ಇಷ್ಟೇ: ಒಂದು ರಾತ್ರಿಯ ಚಳಿ.

ನಾಲ್ಕು ಕುಂಡದ ಗಿಡ ಹೋದರೆ ಏನು ಮಹಾ ನಷ್ಟ ಎಂದು ಕೇಳಬಹುದು. ಸಂತೆಗೆ ಹೋಗದೆ ದಿನದ ಸಾರಿಗೆ, ಚಟ್ನಿಗೆ ಹಿತ್ತಲಲ್ಲೇ ಕಾಯಿ ಕಿತ್ತುಕೊಳ್ಳುವ ಮನೆಗೆ ಅದು ಸಣ್ಣ ನಷ್ಟವಲ್ಲ. ಸತ್ತ ಗಿಡದ ಜಾಗಕ್ಕೆ ಹೊಸದು ಬೆಳೆಸಬೇಕಾದರೆ ಬೀಜ ಹಾಕಿ ಸಸಿ ಮಾಡಲು ಸುಮಾರು 40 ದಿನ, ಸಸಿ ನೆಟ್ಟು ಮೊದಲ ಹಸಿ ಕಾಯಿ ಕೀಳಲು ಮತ್ತೆ ಎರಡು ಎರಡೂವರೆ ತಿಂಗಳು ಬೇಕು. ಚಳಿಯಲ್ಲಿ ಬೀಜ ಮೊಳೆಯುವುದೂ ತಡ. ಜನವರಿಯಲ್ಲಿ ಗಿಡ ಕಳೆದುಕೊಂಡವರು ಬೇಸಿಗೆಯ ನಡುಮಧ್ಯದವರೆಗೆ ಅಂಗಡಿಯ ಕಾಯಿಯನ್ನೇ ನೆಚ್ಚಬೇಕು. ತವರಿನಿಂದ ತಂದ ಬೀಜದ ನಾಟಿ ಗಿಡವಾಗಿದ್ದು, ಬೀಜ ಎತ್ತಿಟ್ಟಿರದಿದ್ದರೆ ಆ ತಳಿಯೇ ಮನೆಯಿಂದ ಹೋದಂತೆ.

ಗಿಡ ಉಳಿಸಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಹಳೆಯ ಗೋಣಿಚೀಲ, ಹಳೆಯ ಸೀರೆ, ಒಂದು ಗೋಡೆಯ ಆಸರೆ ಇದ್ದರೆ ಸಾಕು. ಆದರೆ ಏನನ್ನು ಯಾವಾಗ ಮಾಡಬೇಕು, ಏಕೆ ಮಾಡಬೇಕು ಎಂಬುದು ತಿಳಿದಿರಬೇಕು. ಚಳಿಯ ವಿಷಯದಲ್ಲಿ ಸಂಜೆ ಮಾಡುವ ಕೆಲಸಕ್ಕೆ ಬೆಲೆ ಇದೆ. ಬೆಳಿಗ್ಗೆ ಎದ್ದು ಮಾಡುವ ಗಡಿಬಿಡಿಯಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು.

ಚಳಿ ಎರಡು ಬಗೆ

ಗಡಿಯ ಈ ಭಾಗದಲ್ಲಿ ಮೆಣಸಿನ ಗಿಡಕ್ಕೆ ಎರಡು ಬಗೆಯ ಚಳಿ ತಗಲುತ್ತದೆ. ಒಂದು ಹೊಸೂರು, ತಳಿ, ದೇನ್ಕನಿಕೋಟೆ, ತಾಳವಾಡಿ ಕಡೆಯ ಥಂಡಿ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲ. ಪಕ್ಕದ ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಅಂದರೆ ಇಲ್ಲಿನ ಗಿಡಕ್ಕೆ ಒಂದೇ ರಾತ್ರಿಗೆ ಸಾಯುವ ಭಯ ಕಡಿಮೆ. ಸಾಲಾಗಿ ಬರುವ ಏಳೆಂಟು ಥಂಡಿ ರಾತ್ರಿಗಳಲ್ಲಿ ಅದು ನಿಧಾನವಾಗಿ ಸೊರಗುತ್ತದೆ.

ಇನ್ನೊಂದು ನೀಲಗಿರಿಯ ಚಳಿ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನವೆಂಬರ್‌ನಿಂದ ಫೆಬ್ರವರಿಯ ನಡುವೆ ಅಲ್ಲಿ ತಗ್ಗಿನ ಹುಲ್ಲುಗಾವಲು, ತರಕಾರಿ ಹೊಲಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದಂತೆ ಬೆಳ್ಳಗೆ ಕಾಣುತ್ತದೆ. ತಮಿಳಿನಲ್ಲಿ ಇದನ್ನು ಉರೈಪನಿ ಎನ್ನುತ್ತಾರೆ. ಕನ್ನಡದಲ್ಲಿ ಹಿಮ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಈ ಹಿಮ ಬಿದ್ದ ಜಾಗದಲ್ಲಿ ಬಯಲಿನಲ್ಲಿಟ್ಟ ಮೆಣಸಿನ ಗಿಡ ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ.

ಎರಡು ಕಡೆಯೂ ಉಪಾಯ ಒಂದೇ ಬಗೆಯದು, ಮಾಡುವ ಪ್ರಮಾಣ ಬೇರೆ. ತಳಿಯ ಮನೆಗೆ ಗೋಡೆಯ ಆಸರೆ, ಒಂದು ಮುಚ್ಚಿಗೆ ಸಾಕಾದರೆ, ಊಟಿಯ ಮನೆಗೆ ಗಿಡವನ್ನು ಒಳಗೆ ತಂದಿಡುವುದೇ ಲೇಸು.

ಮೆಣಸಿನ ಗಿಡಕ್ಕೆ ಚಳಿ ಏಕೆ ಆಗದು?

ಮೆಣಸಿನಕಾಯಿ ನಮ್ಮ ಅಡುಗೆಯಲ್ಲಿ ಎಷ್ಟು ಬೆರೆತಿದೆಯೆಂದರೆ ಅದು ಹೊರಗಿನಿಂದ ಬಂದದ್ದು ಎಂದರೆ ನಂಬುವುದು ಕಷ್ಟ. ಇದರ ತವರು ಅಮೆರಿಕ ಖಂಡದ ಬೆಚ್ಚನೆಯ ನಾಡುಗಳು. ಪೋರ್ಚುಗೀಸರ ಹಡಗುಗಳ ಮೂಲಕ 16ನೇ ಶತಮಾನದಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂತು. ಬೆಚ್ಚನೆಯ ಸೀಮೆಯ ಗಿಡವಾದ್ದರಿಂದ ಚಳಿಗೆ ಒಗ್ಗಿಕೊಳ್ಳುವ ಗುಣ ಅದಕ್ಕೆ ಬಂದಿಲ್ಲ. ಎಲೆಕೋಸು, ಕ್ಯಾರೆಟ್, ಮೂಲಂಗಿ ತಡೆದುಕೊಳ್ಳುವ ಚಳಿಯನ್ನು ಮೆಣಸು, ಬದನೆ, ಟೊಮೆಟೊ ತಡೆಯಲಾರವು.

ಮೆಣಸಿನ ಗಿಡ ಸೊಂಪಾಗಿ ಬೆಳೆಯುವುದು ಸುಮಾರು 20ರಿಂದ 30 ಡಿಗ್ರಿಯ ನಡುವೆ. ರಾತ್ರಿಯ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿದರೆ ಹೂವಿನ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೂ ಉದುರುತ್ತದೆ, ಕಟ್ಟಿದ ಕಾಯಿಯೂ ಗಿಡ್ಡಗೆ, ಸೊಟ್ಟಗೆ ಬರುತ್ತದೆ. 10 ಡಿಗ್ರಿಯ ಆಸುಪಾಸಿನಲ್ಲಿ ಹಲವು ರಾತ್ರಿ ಕಳೆದರೆ ಬೆಳವಣಿಗೆ ನಿಂತು ಎಲೆ ಹಳದಿಯಾಗುತ್ತದೆ. ಸೊನ್ನೆಗೆ ಇಳಿದರೆ ಎಲೆಯ ಒಳಗಿನ ನೀರೇ ಹೆಪ್ಪುಗಟ್ಟುತ್ತದೆ.

ಹೆಪ್ಪುಗಟ್ಟಿದಾಗ ಆಗುವುದು ಇಷ್ಟು. ಎಲೆಯ ಜೀವಕೋಶಗಳ ನಡುವಿನ ಸಂದಿಯಲ್ಲಿ ಮೊದಲು ಮಂಜುಗಡ್ಡೆಯ ಹರಳು ಮೂಡುತ್ತದೆ. ಅದು ಕೋಶದ ಒಳಗಿನ ನೀರನ್ನು ಹೊರಗೆ ಎಳೆದುಕೊಂಡು ದೊಡ್ಡದಾಗುತ್ತದೆ. ಕೋಶ ಒಣಗಿ ಸುಕ್ಕಾಗಿ ಅದರ ಪೊರೆ ಹರಿಯುತ್ತದೆ. ಬಿಸಿಲೇರಿ ಮಂಜು ಕರಗಿದಾಗ ನೀರನ್ನು ಹಿಡಿದಿಡಲು ಪೊರೆ ಇರುವುದಿಲ್ಲ. ಅದಕ್ಕೇ ಎಲೆ ಬೇಯಿಸಿದ ಸೊಪ್ಪಿನಂತೆ ಮೆತ್ತಗಾಗಿ ಆಮೇಲೆ ಕಪ್ಪಾಗುತ್ತದೆ. ಹಿಮಕ್ಕೆ ಗಿಡ ಸುಟ್ಟುಹೋಯಿತು ಎಂದು ಜನ ಹೇಳುವುದು ಇದನ್ನೇ.

ನೆಲದ ಗಿಡಕ್ಕಿಂತ ಕುಂಡದ ಗಿಡಕ್ಕೆ ಕಷ್ಟ ಹೆಚ್ಚು

ಒಂದೇ ಮನೆಯಲ್ಲಿ ಹಿತ್ತಲ ನೆಲದ ಗಿಡ ಚೆನ್ನಾಗಿದ್ದು, ತಾರಸಿಯ ಕುಂಡದ ಗಿಡ ಸೊರಗುವುದನ್ನು ಹಲವರು ನೋಡಿರುತ್ತಾರೆ. ಇದಕ್ಕೆ ಕಾರಣ ಬೇರು. ನೆಲ ಹಗಲಿನ ಶಾಖವನ್ನು ಆಳದವರೆಗೆ ಹೀರಿಟ್ಟುಕೊಂಡು ರಾತ್ರಿಯೆಲ್ಲ ನಿಧಾನವಾಗಿ ಬಿಡುತ್ತದೆ. ಮೇಲೆ ಎಷ್ಟೇ ಚಳಿಯಿದ್ದರೂ ಒಂದು ಗೇಣು ಕೆಳಗೆ ಮಣ್ಣು ಬೆಚ್ಚಗಿರುತ್ತದೆ. ಕುಂಡಕ್ಕೆ ಆ ಆಸರೆ ಇಲ್ಲ. ಹಿಡಿಯಷ್ಟು ಮಣ್ಣಿಗೆ ನಾಲ್ಕೂ ಕಡೆಯಿಂದ ಗಾಳಿ ಬಡಿಯುತ್ತದೆ. ಬೆಳಗಿನ ಜಾವದ ಹೊತ್ತಿಗೆ ಕುಂಡದ ಮಣ್ಣು ಹೊರಗಿನ ಗಾಳಿಯಷ್ಟೇ ತಣ್ಣಗಾಗಿರುತ್ತದೆ.

ಕುಂಡ ಚಿಕ್ಕದಾದಷ್ಟೂ ಬೇಗ ತಣಿಯುತ್ತದೆ. ಎಣ್ಣೆಯ ತಗಡಿನ ಡಬ್ಬ, ತೆಳು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಚಳಿ ಬೇಗ ಒಳಗಿಳಿಯುತ್ತದೆ. ಮಣ್ಣಿನ ಕುಂಡ ಒಳ್ಳೆಯದೇ ಆದರೂ ಅದರ ಮೈಯಿಂದ ನೀರು ಆರುತ್ತಿರುತ್ತದೆ. ಮಡಕೆಯ ನೀರು ತಣ್ಣಗಾಗುವ ಹಾಗೆಯೇ ಒಣ ಗಾಳಿಯ ದಿನಗಳಲ್ಲಿ ಕುಂಡದ ಮಣ್ಣೂ ತಣ್ಣಗಾಗುತ್ತದೆ. ಆದ್ದರಿಂದ ಯಾವ ಕುಂಡವಾದರೂ ಚಳಿಗಾಲದಲ್ಲಿ ಅದರ ಮೈಗೆ ಒಂದು ಹೊದಿಕೆ ಬೇಕು.

ಬೇರು ತಣ್ಣಗಾದರೆ ನೀರು ಹೀರುವ ಶಕ್ತಿ ಕುಂದುತ್ತದೆ. ಬೆಳಿಗ್ಗೆ ಬಿಸಿಲೇರಿದಾಗ ಎಲೆ ನೀರು ಬೇಡುತ್ತದೆ, ಬೇರು ಕೊಡಲಾರದು. ಮಣ್ಣಿನಲ್ಲಿ ಹಸಿ ಇದ್ದರೂ ಎಲೆ ಜೋಲುತ್ತದೆ. ಮನೆಯವರು ‘ನೀರು ಸಾಲದೇನೋ’ ಎಂದು ಇನ್ನೊಂದು ಚೊಂಬು ಹಾಕುತ್ತಾರೆ. ತಣ್ಣನೆ ಕೆಸರಿನಲ್ಲಿ ಬೇರು ಕೊಳೆಯಲು ಶುರುವಾಗುತ್ತದೆ. ಥಂಡಿ ಸೀಮೆಯಲ್ಲಿ ಎಷ್ಟೋ ಕುಂಡದ ಗಿಡಗಳಿಗೆ ಚಳಿ ಕೊಟ್ಟ ಪೆಟ್ಟಿಗಿಂತ ಆಮೇಲೆ ಹಾಕಿದ ನೀರಿನ ಪೆಟ್ಟೇ ದೊಡ್ಡದು.

ಆಕಾಶ ನೋಡಿ ತಿಳಿಯಿರಿ

ಯಾವ ರಾತ್ರಿ ಹೆಚ್ಚು ಚಳಿ ಬೀಳುತ್ತದೆ ಎಂಬುದನ್ನು ಸಂಜೆಯೇ ಊಹಿಸಬಹುದು. ಹಗಲು ಕಾದ ನೆಲ, ಗೋಡೆ, ಎಲೆ ಎಲ್ಲವೂ ರಾತ್ರಿ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ಮೋಡವಿದ್ದರೆ ಅದು ಕಂಬಳಿಯಂತೆ ಆ ಶಾಖದ ಒಂದು ಭಾಗವನ್ನು ಹಿಂದಕ್ಕೆ ಕಳಿಸುತ್ತದೆ. ಆಕಾಶ ಶುಭ್ರವಾಗಿ, ಗಾಳಿ ನಿಂತು, ಹವೆ ಒಣಗಿದ್ದರೆ ಶಾಖವೆಲ್ಲ ಮೇಲೆ ಹೋಗುತ್ತದೆ. ತಮಿಳುನಾಡಿನ ಈ ಭಾಗಕ್ಕೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ. ಅದು ಮುಗಿದು ಮೋಡ ಸರಿದ ಮೇಲೆ, ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಇಂಥ ರಾತ್ರಿಗಳು ಹೆಚ್ಚು.

ನಕ್ಷತ್ರಗಳು ಫಳಫಳ ಹೊಳೆಯುತ್ತಿವೆ, ಒಂದೆಲೆಯೂ ಅಲುಗುತ್ತಿಲ್ಲ, ಸೂರ್ಯ ಮುಳುಗಿದ ತಕ್ಷಣ ಮೈ ಜುಂ ಎನ್ನುವ ಥಂಡಿ. ಈ ಮೂರೂ ಕೂಡಿದರೆ ಆ ರಾತ್ರಿ ಗಿಡಗಳಿಗೆ ಮುಚ್ಚಿಗೆ ಬೇಕು ಎಂದೇ ಅರ್ಥ.

ಟಿವಿ, ಪತ್ರಿಕೆಯಲ್ಲಿ ಬರುವ ಕನಿಷ್ಠ ಉಷ್ಣಾಂಶವನ್ನು ನಂಬುವಾಗ ಒಂದು ಮಾತು ನೆನಪಿರಲಿ. ಹವಾಮಾನ ಕೇಂದ್ರದ ಮಾಪಕ ನೆಲದಿಂದ ನಾಲ್ಕು ಅಡಿಗೂ ಎತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ ಇರುತ್ತದೆ. ಬಯಲಿನಲ್ಲಿ ಆಕಾಶಕ್ಕೆ ಮುಖಮಾಡಿದ ಎಲೆ ಅದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು ತಣ್ಣಗಾಗುವುದುಂಟು. ಊಟಿಯಲ್ಲಿ 2 ಡಿಗ್ರಿ ಎಂದು ವರದಿಯಾದ ದಿನವೂ ಹುಲ್ಲಿನ ಮೇಲೆ ಹಿಮ ಕಾಣುವುದು ಇದೇ ಕಾರಣಕ್ಕೆ. ಇನ್ನು ಹವಾಮಾನ ಇಲಾಖೆ ಬಯಲು ಸೀಮೆಯಲ್ಲಿ ಶೀತಗಾಳಿ ಎಂದು ಸಾರುವುದಕ್ಕೆ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿಯಬೇಕು, ವಾಡಿಕೆಗಿಂತಲೂ ಬಹಳ ಕಡಿಮೆ ಇರಬೇಕು. ಮೆಣಸಿನ ಗಿಡಕ್ಕೆ ಅದಕ್ಕಿಂತ ಮೊದಲೇ ಥಂಡಿ ತಟ್ಟಿರುತ್ತದೆ. ಆದ್ದರಿಂದ ಎಚ್ಚರಿಕೆಯ ಸುದ್ದಿಗೆ ಕಾಯುವುದು ಬೇಡ. ಮೊಬೈಲ್ ಇರುವವರು 2019ರಲ್ಲಿ ಆರಂಭವಾದ ಸರ್ಕಾರದ ಮೇಘದೂತ್ ಆ್ಯಪ್‌ನಲ್ಲಿ ತಮ್ಮ ಜಿಲ್ಲೆಯ ಮುಂದಿನ ದಿನಗಳ ಮುನ್ಸೂಚನೆ ನೋಡಬಹುದು. ರಾತ್ರಿಯ ಉಷ್ಣಾಂಶ 12 ಡಿಗ್ರಿಗಿಂತ ಕೆಳಗೆ ಎಂದಿದ್ದರೆ ಸಿದ್ಧತೆ ಮಾಡಿಕೊಳ್ಳುವುದು ಒಳ್ಳೆಯದು.

ಕಾರ್ತಿಕದಲ್ಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸ

ದೀಪಾವಳಿ ಕಳೆದು ಕಾರ್ತಿಕದ ದೀಪಗಳು ಆರುವ ಹೊತ್ತಿಗೆ ಕೆಲವು ಕೆಲಸ ಮುಗಿಸಿಕೊಳ್ಳಬೇಕು.

ಮೊದಲನೆಯದು ಗೊಬ್ಬರ. ಯೂರಿಯಾ, ಸಗಣಿ ಗೊಬ್ಬರದ ತಿಳಿ ಮುಂತಾದ ಸಾರಜನಕದ ಗೊಬ್ಬರವನ್ನು ಆಗ ನಿಲ್ಲಿಸಬೇಕು. ಗೊಬ್ಬರ ಕೊಟ್ಟರೆ ಎಳೆ ಚಿಗುರು ಬರುತ್ತದೆ. ಮೆತ್ತಗಿನ ಚಿಗುರಿಗೇ ಚಳಿ ಮೊದಲು ತಗಲುವುದು. ಕತ್ತರಿಸುವ ಕೆಲಸವನ್ನೂ ಆಗ ಮಾಡಬಾರದು, ಕತ್ತರಿಸಿದರೂ ಚಿಗುರೇ ಬರುತ್ತದೆ.

ಎರಡನೆಯದು ಜಾಗ. ತಾರಸಿಯ ಕಟ್ಟೆಯ ಮೇಲೆ, ಬಯಲಿನಲ್ಲಿ ಇಟ್ಟ ಕುಂಡಗಳನ್ನು ಇಳಿಸಿ, ಸಂಜೆಯ ಬಿಸಿಲು ಬೀಳುವ ಪಶ್ಚಿಮದ ಅಥವಾ ದಕ್ಷಿಣದ ಗೋಡೆಗೆ ಒತ್ತಿ ಇಡಬೇಕು. ಇಟ್ಟಿಗೆ, ಕಲ್ಲಿನ ಗೋಡೆ ಹಗಲು ಹೀರಿದ ಶಾಖವನ್ನು ರಾತ್ರಿ ಗಿಡಕ್ಕೆ ಕೊಡುತ್ತದೆ. ಮೇಲೆ ಸಜ್ಜೆಯೋ, ಹೆಂಚಿನ ಚಾಚೋ ಇದ್ದರೆ ಇನ್ನೂ ಒಳ್ಳೆಯದು. ಗಿಡಕ್ಕೂ ಆಕಾಶಕ್ಕೂ ನಡುವೆ ಏನಾದರೊಂದು ಅಡ್ಡ ಇದ್ದರೆ ಶಾಖ ಸೋರಿಹೋಗುವುದು ತಪ್ಪುತ್ತದೆ. ಬೆಟ್ಟದ ಊರುಗಳಲ್ಲಿ ತಗ್ಗಿನ ಜಾಗ ಬೇಡ. ತಣ್ಣನೆಯ ಗಾಳಿ ಭಾರ, ನೀರಿನಂತೆ ಇಳಿಜಾರಿನಲ್ಲಿ ಹರಿದು ಹಳ್ಳದಲ್ಲಿ ನಿಲ್ಲುತ್ತದೆ. ಅದಕ್ಕೇ ಒಂದೇ ಊರಿನಲ್ಲಿ ಮೇಲಿನ ಮನೆಯ ಗಿಡ ಉಳಿದು ಹಳ್ಳದ ಮನೆಯ ಗಿಡ ಕಪ್ಪಾಗುವುದು.

ಮೂರನೆಯದು ಒಟ್ಟುಗೂಡಿಸುವುದು. ಕುಂಡಗಳನ್ನು ಒಂದೊಂದಾಗಿ ಇಡದೆ ಒತ್ತಾಗಿ ಸೇರಿಸಿ, ದೊಡ್ಡ ಕುಂಡ ಹೊರಗೆ, ಚಿಕ್ಕದು ಒಳಗೆ ಬರುವಂತೆ ಜೋಡಿಸಬೇಕು. ನಡುವಿನ ಸಂದಿಗೆ ಒಣ ಹುಲ್ಲು, ತರಗೆಲೆ, ತೆಂಗಿನ ನಾರು ತುಂಬಬಹುದು. ಕುಂಡದ ಮೈಗೆ ಎರಡು ಸುತ್ತು ಗೋಣಿಚೀಲ ಸುತ್ತಿ, ಕೆಳಗೆ ಹಲಗೆಯನ್ನೋ ಇಟ್ಟಿಗೆಯನ್ನೋ ಇಟ್ಟರೆ ತಾರಸಿಯ ಥಂಡಿ ಬೇರಿಗೆ ಏರುವುದಿಲ್ಲ. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ಒಣ ಎಲೆ ಹರಡಬೇಕು. ಆದರೆ ಅದು ಕಾಂಡಕ್ಕೆ ತಾಗದಂತೆ ಸ್ವಲ್ಪ ಬಿಡಬೇಕು, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ನಾಲ್ಕನೆಯದು ಬೀಜ. ಚಳಿ ಬರುವ ಮೊದಲೇ ಆರೋಗ್ಯವಾದ ಗಿಡದಲ್ಲಿ ಪೂರ್ತಿ ಕೆಂಪಾದ ಕಾಯಿ ಆರಿಸಿ, ನೆರಳಲ್ಲಿ ಒಣಗಿಸಿ, ಬೀಜ ಬಿಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ಎತ್ತಿಡಬೇಕು. ಚೆನ್ನಾಗಿ ಒಣಗಿದ ಬೀಜ ಎರಡು ವರ್ಷವಾದರೂ ಮೊಳೆಯುತ್ತದೆ. ಗಿಡ ಉಳಿಯದಿದ್ದರೂ ತಳಿ ಉಳಿಯುತ್ತದೆ. ಇದು ಖರ್ಚಿಲ್ಲದ ವಿಮೆ.

ಸಂಜೆಯ ಮುಚ್ಚಿಗೆ

ಚಳಿ ಬೀಳುವ ಸೂಚನೆ ಕಂಡ ದಿನ ಸೂರ್ಯ ಮುಳುಗುವ ಮೊದಲೇ, ನೆಲ ಇನ್ನೂ ಬೆಚ್ಚಗಿರುವಾಗಲೇ ಗಿಡ ಮುಚ್ಚಬೇಕು. ಮುಚ್ಚಿಗೆ ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖವನ್ನು ಹಿಡಿದಿಡುತ್ತದೆ. ಅಷ್ಟರಲ್ಲಿ ಶಾಖವೆಲ್ಲ ಹೋಗಿದ್ದರೆ ಊಟ ಮುಗಿಸಿ ಹತ್ತು ಗಂಟೆಗೆ ಹೋಗಿ ಮುಚ್ಚಿದರೆ ಹಿಡಿದಿಡಲು ಉಳಿಯುವುದು ಸ್ವಲ್ಪವೇ.

ಹಳೆಯ ಹತ್ತಿ ಸೀರೆ, ಪಂಚೆ, ದುಪ್ಪಟಿ, ಗೋಣಿಚೀಲ ಯಾವುದಾದರೂ ಆಗುತ್ತದೆ. ಗಿಡದ ಸುತ್ತ ಮೂರು ನಾಲ್ಕು ಕೋಲು ನೆಟ್ಟು ಅದರ ಮೇಲೆ ಬಟ್ಟೆ ಹೊದಿಸಬೇಕು. ಬಟ್ಟೆ ಎಲೆಗೆ ತಾಗದಿರಲಿ, ತಾಗಿದ ಕಡೆ ಎಲೆಗೆ ಚಳಿ ನೇರವಾಗಿ ದಾಟುತ್ತದೆ. ಬಟ್ಟೆಯ ಅಂಚು ನೆಲ ಮುಟ್ಟುವಂತಿದ್ದು, ಅದರ ಮೇಲೆ ಕಲ್ಲು ಹೇರಬೇಕು. ಗಿಡದ ನೆತ್ತಿಗೆ ಬಟ್ಟೆ ಸುತ್ತಿ ಕಾಂಡಕ್ಕೆ ಕಟ್ಟಿಬಿಡುವವರಿದ್ದಾರೆ. ಹಾಗೆ ಮಾಡಿದರೆ ನೆಲದಿಂದ ಏಳುವ ಶಾಖ ಒಳಗೆ ಬರುವುದೇ ಇಲ್ಲ. ಚಿಕ್ಕ ಗಿಡವಾದರೆ ಬಿದಿರಿನ ಬುಟ್ಟಿಯನ್ನೋ ರಟ್ಟಿನ ಪೆಟ್ಟಿಗೆಯನ್ನೋ ಕವುಚಿ ಹಾಕಿದರೂ ಸಾಕು.

ಬರೀ ಪ್ಲಾಸ್ಟಿಕ್ ಹಾಳೆ ಒಳ್ಳೆಯದಲ್ಲ. ಅದರ ಒಳಮೈಯಲ್ಲಿ ನೀರು ಹನಿಗಟ್ಟಿ ಎಲೆಯ ಮೇಲೆ ಬೀಳುತ್ತದೆ. ಬೆಳಿಗ್ಗೆ ತೆಗೆಯಲು ಮರೆತರೆ ಬಿಸಿಲಿಗೆ ಒಳಗೆ ಗಿಡ ಬೇಯುತ್ತದೆ. ಪ್ಲಾಸ್ಟಿಕ್ ಬಿಟ್ಟು ಬೇರೆ ಇಲ್ಲವೆಂದರೆ ಒಳಗೆ ಬಟ್ಟೆ, ಹೊರಗೆ ಪ್ಲಾಸ್ಟಿಕ್ ಹಾಕಬಹುದು.

ಎಳೆ ಗಿಡಗಳಿಗೆ ಮುಚ್ಚಿಗೆ ಹಾಕುವುದು ನೀಲಗಿರಿಯವರಿಗೆ ಹೊಸದಲ್ಲ. ಊಟಿಯ ಸರ್ಕಾರಿ ಸಸ್ಯೋದ್ಯಾನದಲ್ಲಿ ಚಳಿಗಾಲದಲ್ಲಿ ಎಳೆ ಹೂಗಿಡಗಳಿಗೆ ಹೊದಿಕೆ ಹಾಕುತ್ತಾರೆ, ಮುಂಜಾನೆ ನೀರು ಚಿಮುಕಿಸುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು. ದೊಡ್ಡ ತೋಟದಲ್ಲಿ ಪೈಪಿನಿಂದ ಹೇರಳವಾಗಿ ನೀರು ಬಿಡುವುದು ಬೇರೆ. ಅದನ್ನು ನೋಡಿ ಮನೆಯ ಕುಂಡದ ಗಿಡಕ್ಕೆ ಒಂದು ಚೊಂಬು ನೀರು ಚಿಮುಕಿಸಿ ನಿಲ್ಲಿಸಿದರೆ, ಎಲೆಯ ಮೇಲಿನ ನೀರು ಆರುತ್ತಾ ಎಲೆಯನ್ನು ಇನ್ನಷ್ಟು ತಣ್ಣಗೆ ಮಾಡುತ್ತದೆ.

ನೀರು ಯಾವಾಗ, ಎಷ್ಟು?

ಚಳಿಗಾಲದಲ್ಲಿ ಬೆರಳನ್ನು ಒಂದು ಅಂಗುಲ ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಹಾಕುವ ಹೊತ್ತು ಬೆಳಿಗ್ಗೆ ಒಂಬತ್ತು ಹತ್ತು ಗಂಟೆಯ ಮೇಲೆ. ಸಂಜೆ ಎಲೆ, ಮಣ್ಣು ತೊಯ್ಯುವಂತೆ ನೀರು ಹಾಕಿ ಮಲಗಬಾರದು. ಹಾಗೆಂದು ಮಣ್ಣು ಪೂರ್ತಿ ಒಣಗಲೂ ಬಾರದು. ಸ್ವಲ್ಪ ಹಸಿ ಇರುವ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿಡುತ್ತದೆ. ಹಿಮ ಬೀಳುವ ಸೂಚನೆ ಇದ್ದು ಮಣ್ಣು ಒಣಗಿದ್ದರೆ ಅದೇ ದಿನ ಬೆಳಿಗ್ಗೆ ಹದವಾಗಿ ನೀರು ಕೊಟ್ಟಿರಬೇಕು.

ತಾರಸಿಯ ಸಿಂಟೆಕ್ಸ್ ತೊಟ್ಟಿಯ ನೀರು ಬೆಳಿಗ್ಗೆ ಕೈ ಮರಗಟ್ಟುವಷ್ಟು ತಣ್ಣಗಿರುತ್ತದೆ. ಅದನ್ನು ನೇರವಾಗಿ ಬೇರಿಗೆ ಹಾಕಬಾರದು. ಆಗತಾನೆ ಎತ್ತಿದ ಬಾವಿ, ಬೋರ್‌ವೆಲ್ ನೀರು ಚಳಿಗಾಲದಲ್ಲಿ ಉಗುರುಬೆಚ್ಚಗೆ ಇರುತ್ತದೆ, ಅದು ಗಿಡಕ್ಕೂ ಹಿತ. ಇಲ್ಲದಿದ್ದರೆ ಬಕೆಟ್ಟಿನಲ್ಲಿ ಹಿಡಿದು ಬಿಸಿಲಿನಲ್ಲಿ ಒಂದು ಗಂಟೆ ಇಟ್ಟು ಹಾಕಬಹುದು.

ಬೆಂಕಿ, ಹೊಗೆ, ಬಲ್ಬು

ಚಳಿ ಬಿದ್ದ ಕೂಡಲೇ ಬೆಂಕಿ ಹಾಕುವುದು ಎಲ್ಲರಿಗೂ ತೋಚುವ ಉಪಾಯ. ತರಗೆಲೆ ಸುಟ್ಟು ಹೊಗೆ ಎಬ್ಬಿಸಿದರೆ ಹಿಮ ಬೀಳುವುದಿಲ್ಲ ಎಂಬ ನಂಬಿಕೆ ಹಲವೆಡೆ ಇದೆ. ಕಣ್ಣಿಗೆ ಕಾಣುವ ಹೊಗೆ ನೆಲದಿಂದ ಆಕಾಶಕ್ಕೆ ಹೋಗುವ ಶಾಖವನ್ನು ಅಷ್ಟಾಗಿ ತಡೆಯುವುದಿಲ್ಲ. ಬೆಂಕಿಯ ಶಾಖದಿಂದ ಸ್ವಲ್ಪ ಉಪಯೋಗವಾದೀತು, ಹೊಗೆಯಿಂದ ಮನೆಯವರಿಗೆ ಕೆಮ್ಮು ಖಂಡಿತ.

ಹಿಂದೆ ಮುಚ್ಚಿಗೆಯ ಒಳಗೆ 40 ಅಥವಾ 60 ವ್ಯಾಟಿನ ಹಳೆಯ ಬಲ್ಬು ಉರಿಸಿದರೆ ಗಿಡ ಬೆಚ್ಚಗಿರುತ್ತಿತ್ತು. ಈಗ ಮನೆಮನೆಯಲ್ಲಿ ಇರುವುದು ಎಲ್‌ಇಡಿ ಬಲ್ಬು. ಅದು ಬೆಳಕು ಕೊಡುತ್ತದೆ, ಶಾಖ ಕೊಡುವುದು ಬಹಳ ಕಡಿಮೆ. ಅದನ್ನು ಇಟ್ಟು ಗಿಡ ಉಳಿಯಿತು ಎಂದುಕೊಳ್ಳುವುದು ಬೇಡ. ಹಳೆಯ ಬಲ್ಬು ಇದ್ದರೂ ಇಬ್ಬನಿಯಲ್ಲಿ ನೆನೆಯುವ ವೈರು, ಬಲ್ಬಿಗೆ ತಾಗುವ ಬಟ್ಟೆ ಎರಡೂ ಅಪಾಯ. ಇದರ ಬದಲು ಐದು ಲೀಟರಿನ ಹಳೆಯ ಕ್ಯಾನುಗಳಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಮುಚ್ಚಳ ಹಾಕಿ ಮುಚ್ಚಿಗೆಯೊಳಗೆ ಕುಂಡಗಳ ನಡುವೆ ಇಟ್ಟರೆ, ಅದು ರಾತ್ರಿಯೆಲ್ಲ ನಿಧಾನವಾಗಿ ಶಾಖ ಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಗಿಡಗಳನ್ನು ಕೋಣೆಗೆ ತಂದಿಟ್ಟು, ಗಿಡಕ್ಕೂ ಮನುಷ್ಯರಿಗೂ ಬೆಚ್ಚಗಿರಲಿ ಎಂದು ಇದ್ದಿಲ ಒಲೆಯನ್ನೋ ಕೆಂಡದ ಅಗ್ಗಿಷ್ಟಿಕೆಯನ್ನೋ ಇಟ್ಟು ಬಾಗಿಲು ಹಾಕಿ ಮಲಗಬಾರದು. ಸಾಕಷ್ಟು ಗಾಳಿಯಿಲ್ಲದೆ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಬೆಟ್ಟದ ಊರುಗಳಲ್ಲಿ ಚಳಿಗೆ ಹೀಗೆ ಒಲೆ ಇಟ್ಟುಕೊಂಡು ಮಲಗಿದವರು ಪ್ರಾಣ ಕಳೆದುಕೊಂಡ ಘಟನೆಗಳು ನಡೆದಿವೆ. ಗಿಡ ಹೋದರೆ ಇನ್ನೊಂದು ಹಾಕಬಹುದು.

ಒಳಗೆ ತಂದಿಡುವುದಾದರೆ

ಊಟಿ, ಕೂನೂರು, ಕೋತಗಿರಿಯ ಕಡೆ ಹಿಮ ಬೀಳುವ ರಾತ್ರಿ ಕುಂಡವನ್ನು ಒಳಗೆ ತರುವುದೇ ಸುರಕ್ಷಿತ. ಕುಂಡದ ಗಿಡಕ್ಕೆ ಇರುವ ದೊಡ್ಡ ಅನುಕೂಲವೂ ಅದೇ, ನೆಲದ ಗಿಡವನ್ನು ಹಾಗೆ ಎತ್ತಿಕೊಂಡು ಬರಲಾಗುವುದಿಲ್ಲ. ಹಜಾರ, ಕೊಟ್ಟಿಗೆ, ಸೌದೆ ಕೊಠಡಿ ಯಾವುದಾದರೂ ಆಗುತ್ತದೆ. ಎರಡು ಮೂರು ದಿನ ಬೆಳಕು ಕಡಿಮೆಯಾದರೆ ಗಿಡಕ್ಕೆ ಏನೂ ಆಗದು. ಅದಕ್ಕಿಂತ ಹೆಚ್ಚು ದಿನವಾದರೆ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಬೇಕು, ಇಲ್ಲವೇ ಹಗಲು ಹೊರಗೆ, ರಾತ್ರಿ ಒಳಗೆ ಎಂದು ರೂಢಿ ಮಾಡಿಕೊಳ್ಳಬೇಕು. ಅಡುಗೆ ಒಲೆಯ ಬಿಸಿ ನೇರವಾಗಿ ಬಡಿಯುವ ಕಡೆ ಇಡುವುದು ಸರಿಯಲ್ಲ.

ಒಳಗೆ ತರುವ ಮೊದಲು ಎಲೆಯ ಅಡಿಮೈ ನೋಡಬೇಕು. ಹೇನು, ಬಿಳಿನೊಣ, ಮೈಟ್ ನುಸಿ ಇದ್ದರೆ ಒಳಗಿನ ಬೆಚ್ಚಗೆಯಲ್ಲಿ ಅವು ಬೇಗ ಹೆಚ್ಚುತ್ತವೆ. ನೀರಿನಿಂದ ಎಲೆ ತೊಳೆದು, ಆರಿದ ಮೇಲೆ ಒಳಗೆ ತಂದರೆ ಒಳ್ಳೆಯದು.

ಕುಂಡದಲ್ಲಿ ಪೊದೆ ಕರಿಮೆಣಸು ಬೆಳೆಸುವವರು ವೈನಾಡು, ಕಾಸರಗೋಡಿನ ಕಡೆ ಇದ್ದಾರೆ. ಕರಿಮೆಣಸು ಬೇರೆಯೇ ಜಾತಿಯ ಗಿಡ, ಪಶ್ಚಿಮ ಘಟ್ಟದ್ದೇ ಆದ ಬಳ್ಳಿ. ಆದರೆ ಚಳಿಯ ಮಟ್ಟಿಗೆ ಅದೂ ನಾಜೂಕು. ಗೋಡೆಯ ಆಸರೆ, ಸಂಜೆಯ ಮುಚ್ಚಿಗೆ, ಕಡಿಮೆ ನೀರು ಎಂಬ ಮೂರು ಮಾತು ಅದಕ್ಕೂ ಸಲ್ಲುತ್ತದೆ.

ಮರುದಿನ ಬೆಳಿಗ್ಗೆ

ಮುಚ್ಚಿಗೆಯನ್ನು ಬಿಸಿಲು ಬಂದು ಹವೆ ಸ್ವಲ್ಪ ಬೆಚ್ಚಗಾದ ಮೇಲೆ ತೆಗೆಯಬೇಕು. ಹಗಲೆಲ್ಲ ಹಾಗೆಯೇ ಬಿಡಬಾರದು. ಹಗಲು ಬಿಸಿಲು ಬಿದ್ದರೇ ಕುಂಡದ ಮಣ್ಣು ಮುಂದಿನ ರಾತ್ರಿಗೆ ಬೇಕಾದ ಶಾಖ ಹೀರುವುದು.

ಎಲೆಯ ಮೇಲೆ ಹಿಮ ಕಟ್ಟಿದ್ದರೆ ಮುಟ್ಟಿ ಒದರಬಾರದು, ಬಿಸಿನೀರನ್ನಂತೂ ಹಾಕಲೇಬಾರದು. ಕುಂಡವನ್ನು ಮೆಲ್ಲಗೆ ನೆರಳಿಗೆ ಸರಿಸಿ, ತಾನಾಗಿ ಕರಗಲು ಬಿಡಬೇಕು. ಹಿಮ ತಗಲಿದ ಕಾಯಿ ಮೆತ್ತಗಾಗಿ ಕೊಳೆಯುತ್ತದೆ, ಅದನ್ನು ಕೂಡಲೇ ಬಳಸಬೇಕು, ಇಲ್ಲವೇ ಬಿಸಾಡಬೇಕು. ಒಣಗಿಸಿ ಇಡಲು ಅದು ಬಾರದು. ಹಿಂದಿನ ಸಂಜೆಯೇ ಬಲಿತ ಕಾಯಿಗಳನ್ನು ಕಿತ್ತಿಟ್ಟುಕೊಂಡಿದ್ದರೆ ಈ ನಷ್ಟ ತಪ್ಪುತ್ತದೆ. ಬಣ್ಣ ತಿರುಗಿದ ಕಾಯಿ ಮನೆಯೊಳಗೇ ಹಣ್ಣಾಗುತ್ತದೆ.

ಚಳಿಯ ಪೆಟ್ಟನ್ನೂ ಮುಟುರು ರೋಗವನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಎರಡಕ್ಕೂ ವ್ಯತ್ಯಾಸವಿದೆ. ಚಳಿಯ ಪೆಟ್ಟು ಒಂದೆರಡು ರಾತ್ರಿಯಲ್ಲಿ, ಆಕಾಶಕ್ಕೆ ತೆರೆದ ಮೇಲಿನ ಎಲೆಗಳಲ್ಲಿ ಮೊದಲು ಕಾಣುತ್ತದೆ. ಎಲೆ ಜೋಲುತ್ತದೆ, ಹಳದಿ ಅಥವಾ ಕಪ್ಪಾಗುತ್ತದೆ. ಥ್ರಿಪ್ಸ್, ಮೈಟ್ ನುಸಿಯಿಂದ ಬರುವ ಮುಟುರಿನಲ್ಲಿ ಎಲೆಯ ಅಂಚು ದೋಣಿಯಂತೆ ಮೇಲಕ್ಕೋ ಕೆಳಕ್ಕೋ ಮಡಚುತ್ತದೆ, ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಚಳಿಗೆ ಜೋತ ಗಿಡಕ್ಕೆ ಕೀಟನಾಶಕ ಹೊಡೆದರೆ ಹಣವೂ ದಂಡ, ನರಳುತ್ತಿರುವ ಗಿಡಕ್ಕೆ ಇನ್ನೊಂದು ಪೆಟ್ಟು.

ಶಿವರಾತ್ರಿಯವರೆಗೆ ತಾಳ್ಮೆ

ಎಲೆಯೆಲ್ಲ ಕಪ್ಪಾಗಿ ಉದುರಿದರೂ ಗಿಡ ಸತ್ತಿತೆಂದು ಕಿತ್ತೆಸೆಯಬಾರದು. ಹೊಲದಲ್ಲಿ ಒಂದು ಹಂಗಾಮಿಗೆ ಬೆಳೆದು ಕೀಳುವುದರಿಂದ ನಾವು ಮೆಣಸನ್ನು ವರ್ಷದ ಬೆಳೆ ಎಂದುಕೊಂಡಿದ್ದೇವೆ. ನಿಜವಾಗಿ ಅದು ಕೆಲವು ವರ್ಷ ಬದುಕಬಲ್ಲ ಗಿಡ. ಹಿತ್ತಲಿನ ಗಾಂಧಾರಿ ಮೆಣಸು, ಮಲೆಯಾಳದವರ ಕಾಂತಾರಿ, ವರ್ಷ ವರ್ಷ ಕಾಯಿ ಬಿಡುವುದನ್ನು ಗಡಿಯವರೆಲ್ಲ ಬಲ್ಲರು.

ಕಾಂಡದ ಬುಡದಲ್ಲಿ ಉಗುರಿನಿಂದ ಸಿಪ್ಪೆಯನ್ನು ಕೊಂಚ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವ ಇದೆ. ಕಂದು ಬಣ್ಣವಿದ್ದು ಒಣಗಿದ್ದರೆ ಇನ್ನೂ ಕೆಳಗೆ ಕೆರೆಯಬೇಕು. ಮಣ್ಣಿನವರೆಗೂ ಹಸಿರು ಕಾಣದಿದ್ದರೆ ಮಾತ್ರ ಆಸೆ ಬಿಡಬೇಕು. ಜೀವ ಇರುವ ಗಿಡದ ಒಣ ಕೊಂಬೆಯನ್ನೂ ಕೂಡಲೇ ಕತ್ತರಿಸುವುದು ಬೇಡ. ಒಣ ಕೊಂಬೆ, ಒಣ ಎಲೆ ಕೆಳಗಿನ ಜೀವಂತ ಭಾಗಕ್ಕೆ ಮುಂದಿನ ಚಳಿಯಿಂದ ಮರೆಯಾಗಿ ನಿಲ್ಲುತ್ತವೆ. ಆ ದಿನಗಳಲ್ಲಿ ನೀರು ತೀರಾ ಕಡಿಮೆ ಸಾಕು. ಎಲೆಯಿಲ್ಲದ ಗಿಡಕ್ಕೆ ನೀರು ಖರ್ಚಾಗುವುದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎಂಬುದು ಹಿರಿಯರ ಮಾತು. ಮೆಣಸಿನ ಗಿಡದ ವಿಷಯದಲ್ಲಿ ಅದೇ ಸರಿಯಾದ ಗಡುವು. ಶಿವರಾತ್ರಿ ಕಳೆದು ರಾತ್ರಿಗಳು ಬೆಚ್ಚಗಾದ ಮೇಲೆ ಒಣ ಭಾಗವನ್ನು ಹಸಿರು ಗಿಣ್ಣಿನ ಸ್ವಲ್ಪ ಮೇಲಕ್ಕೆ ಕತ್ತರಿಸಿ, ಮೇಲ್ಮಣ್ಣು ಸಡಿಲಿಸಿ, ಎರಡು ಹಿಡಿ ಕಳಿತ ಗೊಬ್ಬರ ಹಾಕಿ ನೀರು ಕೊಡಬೇಕು. ಮೊದಲೇ ಬೇರು ಬಲಿತ ಗಿಡವಾದ್ದರಿಂದ ಅದು ಹೊಸ ಸಸಿಗಿಂತ ಬೇಗ ಚಿಗುರುತ್ತದೆ, ಬೇಗ ಹೂ ಬಿಡುತ್ತದೆ. ನೀಲಗಿರಿಯ ಎತ್ತರದ ಊರುಗಳಲ್ಲಿ ಮಾತ್ರ ಇನ್ನೂ ಎರಡು ವಾರ ಕಾಯುವುದು ಒಳ್ಳೆಯದು.

ಕಳೆದ ರಾತ್ರಿಯ ಚಳಿಯನ್ನು ಯಾರೂ ಹಿಂದಕ್ಕೆ ಕಳಿಸಲಾರರು. ಇಂದು ಸಂಜೆ ಬಿಸಿಲು ಇಳಿಯುವ ಮೊದಲು ಕುಂಡವನ್ನು ಗೋಡೆಗೆ ಒತ್ತಿ, ಮೇಲೆ ಒಂದು ಹಳೆಯ ಸೀರೆ ಹೊದಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕೊಟ್ಟ ಮನೆಯಲ್ಲಿ ಯುಗಾದಿಯ ಹೊತ್ತಿಗೆ ಹಳೆಯ ಗಿಡದಲ್ಲೇ ಹೊಸ ಚಿಗುರು ಕಾಣಬಹುದು.